ಸಿದ್ದೇಗೌಡರ ಮನೆಯ ಸ್ಟ್ಯಾಂಡ್ ಲ್ಯಾಂಪು

1943ರಲ್ಲಿ ನಾನು ಮದ್ದೂರಿನಲ್ಲಿ ವಿದ್ಯುತ್ ಇಲಾಖೆಯ ಸೂಪರ್‌ವೈಸರ್ ಆಗಿದ್ದೆ. ಯುದ್ಧದ ಕಾಲ. ತಂತಿ ಸಿಕ್ಕರೆ ಸ್ವಿಚ್ಚು ಸಿಗುತ್ತಿರಲಿಲ್ಲ, ಎರಡೂ ಸಿಕ್ಕರೆ ಕೆಲಸದವರು ಇರುತ್ತಿರಲಿಲ್ಲ. ವೈರಿಂಗ್ ಬಲ್ಲವರೆಲ್ಲ ಸೈನ್ಯಕ್ಕೆ ಸೇರಿಬಿಟ್ಟಿದ್ದರು. ಮಳವಳ್ಳಿಯ ಸೂಪರ್‌ವೈಸರ್ ಕಾಯಿಲೆ ಬಿದ್ದ ಮೇಲೆ ಆ ಕಡೆಯ ದೂರುಗಳೂ ನನ್ನ ತಲೆಗೇ ಬಂದವು. ಬೆಳಿಗ್ಗೆ ಸೈಕಲ್ ಹತ್ತಿದರೆ ಸಂಜೆ ಇಳಿಯುವಷ್ಟರಲ್ಲಿ ಸೊಂಟ ನನ್ನದಲ್ಲ ಅನ್ನಿಸುತ್ತಿತ್ತು. ವಯಸ್ಸು ಮೂವತ್ತು ದಾಟಿರಲಿಲ್ಲ. ಆದರೂ ಆ ವರ್ಷವೆಂದರೆ ನನಗೆ ಮೊದಲು ನೆನಪಾಗುವುದು ದಣಿವೇ.

ಅಂಥ ದಿನಗಳಲ್ಲಿ ಊರಿನ ಬೆಲ್ಲದ ವ್ಯಾಪಾರಿ ಸಿದ್ದೇಗೌಡರು ಕಚೇರಿಗೆ ಬಂದರು. ಮಗಳನ್ನು ನೋಡಲು ಬೆಂಗಳೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು.

“ಮೈಸೂರಲ್ಲಿ ಒಬ್ಬ ಆಫೀಸರ ಮನೇಲಿ ನೋಡ್ದೆ ಸ್ವಾಮಿ. ಆಳುದ್ದ ದೀಪ, ನೆಲದ ಮೇಲೇ ನಿಂತದೆ. ಅಂಥದ್ದೊಂದು ನಮ್ಮ ಪಡಸಾಲೇಲೂ ನಿಂತ್ಕಬೇಕು. ಯಾವ್ದು ತಕ್ಕಬೇಕು, ಎಲ್ಲಿಡಬೇಕು, ನೀವೇ ಏಳಿ.”

ಇಂಥ ದೀಪಕ್ಕೆ ಸ್ಟ್ಯಾಂಡ್ ಲ್ಯಾಂಪು ಎನ್ನುತ್ತಿದ್ದೆವು. ಅದಕ್ಕೆ ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಬೇಕು. ಜಾಗ ನೋಡಲೆಂದು ಮರುದಿನ ಮಧ್ಯಾಹ್ನ, ಮಳವಳ್ಳಿಯಿಂದ ಬಂದವನು ಹಾಗೆಯೇ ಅವರ ಮನೆಗೆ ಹೋದೆ. ಗೌಡರು ಬೆಲ್ಲದ ಮಂಡಿಗೆ ಹೋಗಿದ್ದರು. ಪಡಸಾಲೆಯ ಪ್ಲಗ್ಗಿಗೆ ತಂತಿ ಎಳೆಯಬೇಕಾದದ್ದು ಒಳಗಿನ ಒಂದು ಕೋಣೆಯಿಂದ. ಅಲ್ಲಿ ಗೌಡರ ತಾಯಿ ನಿಂಗಮ್ಮನವರು ಲಕ್ವ ಹೊಡೆದು ಆರು ತಿಂಗಳಿಂದ ಮಂಚ ಹಿಡಿದಿದ್ದರು. ಮಾತು ನಿಂತುಹೋಗಿತ್ತು. ಕೋಣೆಗೆ ಕಿಟಕಿಯಿಲ್ಲ. ಅವ್ವ ಕತ್ತಲಲ್ಲಿರಬಾರದು ಎಂದು ಗೌಡರು ಮಂಚದ ನೇರಕ್ಕೆ ತೊಲೆಯಿಂದ ದೊಡ್ಡ ಬಲ್ಬೊಂದನ್ನು ತೂಗಿಸಿದ್ದರು. ಅದು ಹಗಲೂ ಉರಿಯುತ್ತಿತ್ತು.

ಗೌಡರ ಹೆಂಡತಿ ಜಯಮ್ಮ ಒದ್ದೆ ಬಟ್ಟೆಯಿಂದ ಅತ್ತೆಯ ಕೈಕಾಲು ಒರೆಸುತ್ತಿದ್ದರು. ಮುದುಕಿ ಕಣ್ಣು ಮುಚ್ಚಿಕೊಂಡೇ ಇದ್ದರು. ನಿದ್ದೆಯೇ ಎಂದು ಮೆಲ್ಲಗೆ ಕೇಳಿದೆ.

“ನಿದ್ದೆಯಲ್ಲ ಸ್ವಾಮಿ,” ಎಂದರು ಜಯಮ್ಮ. “ನನ್ ಮೊಕ ನೋಡಕ್ಕೆ ಇಷ್ಟ ಇಲ್ಲ. ಮದ್ವೆಯಾಗಿ ಬಂದಾಗ್ಲಿಂದ್ಲೂ ನನ್ನ ಕಂಡ್ರಾಗ್ತಿರ್ಲಿಲ್ಲ. ಈಗ ಬಾಯಿಲ್ಲ, ಅದ್ನ ಕಣ್ ಮುಚ್ಚಿ ಏಳ್ತಾವ್ರೆ.”

ಗೋಡೆಯ ಬುಡದಲ್ಲಿ ತಂತಿ ಹೋಗಲು ಜಾಗವಿದೆಯೇ ಎಂದು ನೆಲದ ಮೇಲೆ ಮಲಗಿ ಮಂಚದ ಕೆಳಗೆ ಇಣುಕಿದೆ. ನೋಡಿಯಾಯಿತು, ಆದರೆ ಏಳಲಾಗಲಿಲ್ಲ. ಬೆನ್ನು ಹಿಡಿದುಕೊಂಡಿತ್ತು. ಒಂದು ಗಳಿಗೆ ಸುಧಾರಿಸಿಕೊಳ್ಳೋಣವೆಂದು ಅಂಗಾತ ಹೊರಳಿದೆ. ಬಲ್ಬು ನೆಟ್ಟಗೆ ಕಣ್ಣಿಗೆ ಚುಚ್ಚಿತು. ರೆಪ್ಪೆ ತಾನಾಗಿ ಮುಚ್ಚಿಕೊಂಡಿತು. ಮುಚ್ಚಿದರೂ ಒಳಗೆಲ್ಲ ಕೆಂಪು.

ಹಾಗೇ ಮಲಗಿದ್ದೆ. ಆಮೇಲೆ ಎದ್ದು, ಒಂದು ಲಾಂದ್ರ ಹಚ್ಚಿ ತರುವಂತೆ ಜಯಮ್ಮನವರಿಗೆ ಹೇಳಿದೆ. ಅದನ್ನು ಮಂಚದ ತಲೆಯ ಹಿಂದೆ, ನೆಲದ ಮೇಲಿಟ್ಟೆ. ಬಲ್ಬು ಆರಿಸಲು ಹೋದಾಗ ಅವರು ತಡೆದರು. “ಬ್ಯಾಡಿ ಸ್ವಾಮಿ, ಅವ್ವನ್ನ ಕತ್ಲೇಲಿ ಆಕ್ಬುಟ್ಟೆ ಅಂತ ನಮ್ಮೋರು ರೇಗ್ತಾರೆ.”

“ಸ್ವಲ್ಪ ಹೊತ್ತು, ಅಷ್ಟೇ,” ಎಂದು ಆರಿಸಿದೆ.

ಮೊದಲು ಏನೂ ಆಗಲಿಲ್ಲ. ಆಮೇಲೆ ರೆಪ್ಪೆಗಳು ಅದುರಿದವು. ನಿಂಗಮ್ಮನವರು ಕಣ್ಣು ಬಿಟ್ಟರು. ತೊಲೆ ನೋಡಿದರು, ಗೋಡೆ ನೋಡಿದರು, ಕೊನೆಗೆ ಸೊಸೆಯ ಮೇಲೆ ದೃಷ್ಟಿಯಿಟ್ಟರು. ಅದು ಅಲ್ಲಿಂದ ಕದಲಲಿಲ್ಲ. ಜಯಮ್ಮ ಒದ್ದೆ ಬಟ್ಟೆ ಹಿಡಿದುಕೊಂಡೇ ಮಂಚದ ಅಂಚಿಗೆ ಕೂತರು.

“ನೀರು ಬೇಕಾ ಅತ್ತೆ?” ಎಂದರು. ಮುದುಕಿ ನಿಧಾನವಾಗಿ ರೆಪ್ಪೆ ಬಡಿದರು.

ಅದಾದ ಎರಡು ದಿನಕ್ಕೆ ಗೌಡರ ಜೊತೆ ಮಂಡ್ಯಕ್ಕೆ ಹೋದೆ. ದಾರಿಯಲ್ಲಿ ಎಲ್ಲವನ್ನೂ ಹೇಳಿದೆ. ಆ ಚಿಕ್ಕ ಕೋಣೆಯಲ್ಲಿ ಬಲ್ಬನ್ನು ಎಲ್ಲಿ ತೂಗಿದರೂ ಮಲಗಿದವರ ಕಣ್ಣಿಗೇ ಬೀಳುತ್ತದೆ. ಲಾಂದ್ರವಿಟ್ಟರೆ ಹೊಗೆ, ಮೇಲಾಗಿ ಸೀಮೆಎಣ್ಣೆಗೆ ಬರ. ಲ್ಯಾಂಪು ಇರಬೇಕಾದ ಜಾಗ ಅದೇ ಎಂದೆ.

“ಒಳಗಿಟ್ರೆ ಯಾರು ನೋಡಾರು ಸ್ವಾಮಿ? ಬೀಗ್ರು ಕೂರೋದು ಪಡಸಾಲೇಲಿ,” ಎಂದರು ಗೌಡರು.

ಅಂಗಡಿ ಇಬ್ರಾಹಿಂ ಸಾಹೇಬರದು. ಅಲ್ಲಿದ್ದದ್ದು ಎರಡೇ ಲ್ಯಾಂಪು. ಒಂದು ಎತ್ತರದ ಹಿತ್ತಾಳೆ ಕಂಬ, ಮೇಲೆ ತೆರೆದ ಗಾಜಿನ ಹೂವು. ಇನ್ನೊಂದು ಮರದ ಕಂಬ, ಭಾರದ ಬುಡ, ದಪ್ಪ ಬಟ್ಟೆಯ ಶೇಡು. “ಲಡಾಯಿ ಮುಗಿಯೋವರ್ಗೂ ಇನ್ನೊಂದು ಬರಾಕಿಲ್ಲ ಗೌಡ್ರೆ,” ಎಂದರು ಸಾಹೇಬರು. ಗೌಡರ ಕೈ ಆಗಲೇ ಹಿತ್ತಾಳೆಯ ಮೇಲಿತ್ತು.

ನಾನು ತಿಳಿದಷ್ಟು ಹೇಳಿದೆ. ಬುಡ ಭಾರವಿರಬೇಕು, ಇಲ್ಲವಾದರೆ ಸೆರಗು ತಗುಲಿದರೂ ಉರುಳುತ್ತದೆ. ಶೇಡು ಬಲ್ಬಿಗಿಂತ ಕೆಳಗಿಳಿದಿರಬೇಕು, ಮಲಗಿದವರಿಗೆ ಬಲ್ಬು ಕಾಣಬಾರದು.

“ಇದು ಬಡವ್ರ ಮನೆ ದೀಪದಂಗದೆ,” ಎಂದರು ಗೌಡರು ಮರದ ಕಂಬ ನೋಡಿ.

ವಾದಿಸುವ ಶಕ್ತಿ ನನಗಿರಲಿಲ್ಲ. “ಗೌಡರೇ, ಈ ಬೆಂಚಿನ ಮೇಲೆ ಒಂದು ನಿಮಿಷ ಅಂಗಾತ ಮಲಗಿ. ಎರಡನ್ನೂ ಹಚ್ಚಿಸುತ್ತೇನೆ,” ಎಂದೆ.

ಗಿರಾಕಿಗಳ ಎದುರಿಗೇ, ಪೇಟ ಬಿಚ್ಚಿ ಪಕ್ಕಕ್ಕಿಟ್ಟು, ಆ ದೊಡ್ಡ ಮನುಷ್ಯ ಮಲಗಿದರು. ಸಾಹೇಬರು ಹಿತ್ತಾಳೆ ದೀಪವನ್ನು ತಲೆಯ ಬಳಿ ತಂದು ಹಚ್ಚಿದರು. ಗೌಡರು ಅಂಗೈಯಿಂದ ಕಣ್ಣು ಮುಚ್ಚಿಕೊಂಡರು. ದೀಪ ಆರಿಸಿದ ಮೇಲೂ ಕೈ ತೆಗೆಯಲಿಲ್ಲ.

“ಕೈ ಎತ್ತಕ್ಕೂ ಆಗಕಿಲ್ಲ ನಮ್ಮವ್ವಂಗೆ,” ಎಂದರು. “ಆರ್ ತಿಂಗ್ಳು. ಆ ಬಲ್ಬು ಆಕ್ಸಿದ್ದು ನಾನೇ ಕಣ್ರೀ.”

ಮರದ ಕಂಬವನ್ನು ಅವರೇ ಹೆಗಲ ಮೇಲಿಟ್ಟುಕೊಂಡು ಬಸ್ಸು ಹತ್ತಿದರು. ಪ್ಲಗ್ ಪಾಯಿಂಟನ್ನು ಮಂಚದ ಹಿಂದೆ ಕೂರಿಸಿದೆ. ಬೆಂಗಳೂರಿನವರು ಬಂದು ಪಡಸಾಲೆಯ ಹಳೇ ಬಲ್ಬಿನ ಕೆಳಗೆ ಕೂತು ಉಪ್ಪಿಟ್ಟು ತಿಂದು ಹೋದರು. ಜಾತಕ ಕೂಡದೆ ಆ ಸಂಬಂಧ ತಪ್ಪಿತು. ನಿಂಗಮ್ಮನವರು ಸುಗ್ಗಿಯವರೆಗೆ ಬದುಕಿದ್ದರು. ಮಾತು ಬರಲೇ ಇಲ್ಲ.

ತಿಥಿ ಕಳೆದ ಮೇಲೊಮ್ಮೆ ಜಯಮ್ಮ ಸಿಕ್ಕಿದ್ದರು. “ಕಣ್ಣಲ್ಲೇ ಜಗಳ ಆಡ್ತಿದ್ವಿ ಸ್ವಾಮಿ, ಅನ್ನ ಬಿಸಿಯಿಲ್ಲ, ಸಾರು ಉಪ್ಪು ಅಂತ. ಕಣ್ಣಲ್ಲೇ ರಾಜಿನೂ ಆದ್ವಿ,” ಎಂದರು.

ನಿವೃತ್ತನಾಗುವವರೆಗೂ ಎಷ್ಟೋ ಮನೆಗಳಿಗೆ ದೀಪದ ಜಾಗ ಗುರುತು ಮಾಡಿದ್ದೇನೆ. ಬಲ್ಬು ಎಲ್ಲಿ ಬೇಕು ಎಂದು ಕೇಳುವ ಮೊದಲು, ಈ ಕೋಣೆಯಲ್ಲಿ ಹೆಚ್ಚು ಹೊತ್ತು ಇರುವವರು ಯಾರು, ಅವರು ಕೂತಿರುತ್ತಾರೋ ಮಲಗಿರುತ್ತಾರೋ ಎಂದು ಕೇಳುವುದನ್ನು ಆ ಮನೆ ನನಗೆ ಕಲಿಸಿತು. ಬಹಳ ಕಡೆ ಯಜಮಾನರಿಗೆ ಉತ್ತರ ಗೊತ್ತಿರುತ್ತಿರಲಿಲ್ಲ. ‘ಇರಿ’ ಎಂದು ಒಳಗೆ ಹೋಗಿ ಕೇಳಿಕೊಂಡು ಬರುತ್ತಿದ್ದರು.