ಅತ್ತೆಯ ಹನ್ನೊಂದು ಮಕ್ಕಳು

ಈಳಿಗೆಮಣೆಯ ಮೇಲೆ ಕೂತು ಬೀನ್ಸ್ ಹೆಚ್ಚುವಾಗ ಅತ್ತೆಯ ಬಲಗಾಲು ಮಣೆಯನ್ನು ಒತ್ತಿ ಹಿಡಿದಿರುತ್ತಿತ್ತು, ಎಡಗಾಲು ಮಾತ್ರ ಆಟದಲ್ಲಿರುತ್ತಿತ್ತು. ಹಿಮ್ಮಡಿ ಸೀಳುಬಿಟ್ಟ, ಹೆಬ್ಬೆರಳು ಅಗಲವಾದ ಆ ಕಾಲು ಭಾನುವಾರದ ಮ್ಯಾಚಿನ ಸುದ್ದಿ ಹೇಳುವಾಗ ಇದ್ದಕ್ಕಿದ್ದಂತೆ ಮುಂದಕ್ಕೆ ಒದೆಯುತ್ತಿತ್ತು. ಒಮ್ಮೆ ಪಕ್ಕದಲ್ಲಿದ್ದ ನೀರಿನ ಚೊಂಬು ಉರುಳಿ ಅಡುಗೆಮನೆಯೆಲ್ಲ ಒದ್ದೆಯಾಯಿತು. "ಗೋಲು" ಅಂದರು ಅತ್ತೆ. ಒರೆಸಿದವಳು ನಾನು.

ಗುಂಡ್ಲುಪೇಟೆ ಕಡೆಯಿಂದ ಗಡಿಯಾಚೆ ಮಲಯಾಳ ಸೀಮೆಯ ಕೇಣಿಚಿರಕ್ಕೆ ನನ್ನನ್ನು ಕೊಡುವಾಗ, ನಾದಿನಿಯರಿಲ್ಲದ, ವಾರಗಿತ್ತಿಯರಿಲ್ಲದ ಮನೆ ಎಂದು ಅಪ್ಪ ಸಂತೋಷಪಟ್ಟಿದ್ದರು. ಹನ್ನೊಂದು ಮಂದಿ ಮೈದುನರಿದ್ದಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮ ಜಂಕ್ಷನ್ನಿನ ಫುಟ್‌ಬಾಲ್ ಕ್ಲಬ್ಬು ಜಿಲ್ಲೆಯ ಲೀಗಿನಲ್ಲಿ ಕಟ್ಟಕಡೆಯ ಡಿವಿಷನ್ನಿನದು. ಅದಕ್ಕೂ ಕೆಳಗೆ ಇನ್ನೊಂದು ಇಲ್ಲದ್ದರಿಂದ ಅಲ್ಲೇ ಉಳಿದುಕೊಂಡಿತ್ತು. ಆಟೋ ಓಡಿಸುವವರು, ಕಾಫಿ ತೋಟದ ಕೆಲಸದವರು, ಗಾರೆಯವರು, ಬೇಕರಿಯಲ್ಲಿ ಪಫ್ಸ್ ಬೇಯಿಸುವ ಗೋಲ್‌ಕೀಪರ್. ಒಗೆದೊಗೆದು ಬಿಳಿಚಿಕೊಂಡ ಹಳದಿ ಜರ್ಸಿ. ಇವರೇ ಅತ್ತೆಯ ಮಕ್ಕಳು. ನನ್ನ ಗಂಡ ಹೊಟ್ಟೆಯಲ್ಲಿ ಹುಟ್ಟಿದವರು ಅಷ್ಟೇ.

ಮಾವ ತೀರಿಕೊಂಡ ವರ್ಷ, ಭಾನುವಾರ ಮಧ್ಯಾಹ್ನ ತರಕಾರಿ ಅಂಗಡಿಯ ಬಾಗಿಲು ಹಾಕಿದ ಮೇಲೆ ಮನೆಯಲ್ಲಿ ಕೂರಲಾಗದೆ, ಅತ್ತೆ ಗದ್ದೆಯಂಚಿನ ಮೈದಾನಕ್ಕೆ ಹೋಗಿ ಸುಮ್ಮನೆ ನಿಂತಿದ್ದರಂತೆ. ಅವತ್ತು ನಮ್ಮವರು ಆರು ಗೋಲು ತಿಂದರು. "ಆರು ಹೊಡೆಸ್ಕಂಡ ಮೇಲೂ ಆ ಕೀಪರ್ ಹುಡ್ಗ ಏಳನೇದಕ್ಕೆ ಹಾರ್ದ ಕಣೆ. ಅದಕ್ಕೇ ಮುಂದಿನ ವಾರಾನೂ ಹೋದೆ" ಎಂದು ನನಗೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಟೀವಿಯಲ್ಲಿ ದೊಡ್ಡ ದೊಡ್ಡ ತಂಡಗಳು ಆಡುವಾಗ ಈ ಸೋಲುಬುರುಕರ ಹಿಂದೆ ಯಾಕೆ ಹೋಗುತ್ತೀರಿ ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಸಿದ್ಧವಿರುತ್ತಿತ್ತು. "ಗೆಲ್ಲೋರ ಪಕ್ಕ ನಿಲ್ಲೋಕೆ ಜಾಗ ಎಲ್ಲದೆ? ಸೋಲೋರ ಪಕ್ಕ ಆದ್ರೆ ಕಾಲು ಚಾಚ್ಕಂಡು ಕೂರಬೌದು."

ಭಾನುವಾರ ಊಟವಾದ ಮೇಲೆ ಅತ್ತೆ ಸೆರಗಿನ ತುದಿಗೆ ಉಪ್ಪು, ಒಣಮೆಣಸಿನಕಾಯಿ ಗಂಟು ಹಾಕಿಕೊಂಡು ಹೊರಡುವರು. ಆಟ ಶುರುವಾಗುವ ಮುಂಚೆ ಗೋಲ್‌ಕೀಪರನಿಗೆ ನಿವಾಳಿಸಿ ದೃಷ್ಟಿ ತೆಗೆಯಬೇಕು. ನನಗೆ ನಗು ಬರುತ್ತಿತ್ತು. ವಾರವಾರವೂ ಸೋಲುವ ತಂಡಕ್ಕೆ ದೃಷ್ಟಿ ಹಾಕುವ ಪುಣ್ಯಾತ್ಮರು ಯಾರು? ಆದರೆ ಈ ವಿಷಯದಲ್ಲಿ ಅತ್ತೆ ಯಾರ ಮಾತೂ ಕೇಳುವವರಲ್ಲ. ಪಕ್ಕದ ಮನೆಯಾಕೆ ನನ್ನ ಮಗಳ ಕೆನ್ನೆ ನೋಡಿ ಎಷ್ಟು ಮುದ್ದಾಗಿದೆ ಎಂದರೆ ಸಾಕು, "ಎದುರಿಗೆ ಹೊಗಳಬ್ಯಾಡಿ" ಎಂದು ರೇಗುವರು. ಅಂಗಡಿಗೆ ಬಂದವರು ಬದನೆಕಾಯಿ ಚೆನ್ನಾಗಿದೆ ಎಂದರೆ "ಏನಿಲ್ಲ, ಒಳಗೆ ಹುಳ ಅದೆ" ಎಂದುಬಿಡುವರು. ಬೆಳಗಿನ ಜಾವ ಎದ್ದು ಗುಂಡ್ಲುಪೇಟೆಯಿಂದ ಲೋಡು ತಂದ ನನ್ನ ಗಂಡ ತಲೆ ಚಚ್ಚಿಕೊಳ್ಳುತ್ತಿದ್ದರು.

ಸಂಜೆ ಬಂದರೆಂದರೆ ಒಂದು ಗಂಟೆ ಹೊಗಳಿಕೆಯ ಪುರಾಣ. ಗೋಲ್‌ಕೀಪರನ ಕೈ ಹೇಗೆ, ಎಡಗಡೆ ಓಡುವವನ ಉಸಿರು ಹೇಗೆ, ನಡುವೆ ನಿಲ್ಲುವ ಗಾರೆಯವನ ತಲೆ ಹೇಗೆ. "ಕೀಪರ್ ಕೈ ಅಂದ್ರೆ ಕೈ ಕಣೆ. ಬಾಳೆಗೊನೆ ಇಳಿಸ್ಕಂಡಂಗೆ ಚೆಂಡ ಇಳಿಸ್ಕತಾನೆ." ಸೋತದ್ದು ಎಷ್ಟಕ್ಕೆ ಎಂದು ನಾನು ಬೇಕೆಂದೇ ಕೇಳುತ್ತಿದ್ದೆ. "ನಾಕು" ಎಂದು ಹೇಳಿ, ಆ ನಾಲ್ಕರಲ್ಲೂ ಹುಡುಗರ ತಪ್ಪಿಲ್ಲವೆಂದು ಬಿಡಿಸಿ ಹೇಳುವರು.

ನನ್ನ ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಟ್ಟು ಏನು ಪ್ರಯೋಜನ? ಅವರಲ್ಲಿ ಯಾರ ಮೊಣಕಾಲು ಯಾವ ಮಳೆಗಾಲದಲ್ಲಿ ನೋಯಿತೆಂದು ಅತ್ತೆಗೆ ಗೊತ್ತಿತ್ತು. ನನಗೆ ಜ್ವರ ಬಂದರೆ "ಕಷಾಯ ಕುಡಿ" ಎಂಬ ಎರಡು ಮಾತು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, "ಇವಳೇ" ಅಂದರೆ ನಾನು. ನಾನು ಮಾಡಿದ ಬಸ್ಸಾರನ್ನು ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರೇ ಹೊರತು ಚೆನ್ನಾಗಿದೆ ಎಂಬ ಮಾತು ಆ ಬಾಯಿಂದ ಬಂದದ್ದಿಲ್ಲ. ಅತ್ತೆ ಎಷ್ಟು ಸಲ ಕರೆದರೂ ನಾನು ಮೈದಾನದ ಕಡೆ ತಲೆ ಹಾಕಲಿಲ್ಲ. ಸವತಿಯ ಮನೆಗೆ ಯಾರಾದರೂ ಊಟಕ್ಕೆ ಹೋಗುತ್ತಾರೆಯೇ?

ಒಂದು ಭಾನುವಾರ ಮಾತ್ರ ಮರೆಯಲಾಗಲಿಲ್ಲ. ಮದುವೆಯಾದ ಮೇಲೆ ಬಸ್ಸಿನ ಬೋರ್ಡು ನೋಡಿ ನೋಡಿ ಮಲಯಾಳ ಅಕ್ಷರ ಕಲಿತವಳು ನಾನು. ಶಾಲೆ ಬಿಟ್ಟ ದೊಡ್ಡವರು ಕಟ್ಟುವ ಹತ್ತನೇ ಕ್ಲಾಸಿನ ಪರೀಕ್ಷೆಗೆ, ಅಂಗಡಿ, ಮಗು, ಅಡುಗೆ ಎಲ್ಲದರ ನಡುವೆ ಓದಿ ಕೂತಿದ್ದೆ. ಪಾಸಾದೆನೆಂದು ಗೊತ್ತಾದ ಮಾರನೆಯ ದಿನ ಭಾನುವಾರ. ಅತ್ತೆಗೆ ಹೇಳಿದೆ. "ಹೂಂ. ಈರುಳ್ಳಿ ಒಣಗೋಕೆ ಹಾಕು" ಎಂದರು. ಆಮೇಲೆ ಅಂಗಡಿಯಲ್ಲಿ ನಿಂತು ನೋಡುತ್ತಿದ್ದೇನೆ, ಎದುರು ಬೇಕರಿಯಿಂದ ಎರಡು ಕಿಲೋ ಲಡ್ಡು ಕಟ್ಟಿಸಿಕೊಂಡು ಮೈದಾನದ ದಾರಿ ಹಿಡಿದರು. ನನಗೆ ಈರುಳ್ಳಿ, ಅವರಿಗೆ ಲಡ್ಡು! ಚೀಲ ಬಿಚ್ಚಿ ಈರುಳ್ಳಿ ಹರಡುತ್ತಾ ಅತ್ತುಬಿಟ್ಟೆ. ಹೆಚ್ಚದೆಯೂ ಈರುಳ್ಳಿ ಕಣ್ಣೀರು ತರಿಸುತ್ತದೆಂದು ಅವತ್ತು ಗಂಡನಿಗೆ ಸುಳ್ಳು ಹೇಳಿದೆ.

ಹೋದ ಆಷಾಢದಲ್ಲಿ ಅತ್ತೆ ಎರಡೇ ದಿನದ ಜ್ವರಕ್ಕೆ ಹೋಗಿಬಿಟ್ಟರು. ಆ ಹನ್ನೊಂದು ಮಂದಿ ಜಡಿಮಳೆಯಲ್ಲಿ ಸರದಿಯಂತೆ ಹೆಗಲು ಕೊಟ್ಟರು. ಆಗಲೂ, ನನಗಿಂತ ಇವರೇ ಹೆಚ್ಚು ಅಳುತ್ತಿದ್ದಾರಲ್ಲ ಎಂದು ಒಳಗೊಳಗೇ ಚುಚ್ಚಿತು.

ಮಳೆ ಬಿಟ್ಟು ಲೀಗು ಶುರುವಾಗುವ ದಿನ ಗೋಲ್‌ಕೀಪರ್ ಅಂಗಡಿಗೆ ಬಂದು ನಿಂತ. ಅತ್ತೆಯ ಜೊತೆ ಆಡಿ ಆಡಿ ಕಲಿತ ಹರಕು ಕನ್ನಡ ಅವನದು, ಅಕ್ಕ ಎನ್ನಲು ಮಾತ್ರ ಅವರ ಚೇಚಿಯೇ. "ಚೇಚಿ, ಉಪ್ಪು ಮೆಣಸಿನಕಾಯಿ ಹಾಕೋಕೆ ಆಳಿಲ್ಲ. ನೀವು ಬರಬೇಕು." ಒಲ್ಲೆ ಎನ್ನಲು ಬಾಯಿ ತೆರೆದವಳು ಅವನ ಮುಖ ನೋಡಿ ಸೆರಗಿಗೆ ಗಂಟು ಹಾಕಿಕೊಂಡೆ.

ಮೈದಾನದಲ್ಲಿದ್ದವರು ಮೂವತ್ತು ಜನ, ಎರಡು ನಾಯಿ. ಅತ್ತೆ ಕೂರುತ್ತಿದ್ದದ್ದು ನಮ್ಮ ಅಂಗಡಿಯದೇ ಒಂದು ಪ್ಲಾಸ್ಟಿಕ್ ಕ್ರೇಟಿನ ಮೇಲೆ. ಅದು ಬೋರಲಾಗಿ ಅಲ್ಲೇ ಇತ್ತು, ಯಾರೂ ಕೂತಿರಲಿಲ್ಲ. ನನ್ನನ್ನು ಕಂಡದ್ದೇ ಹುಡುಗರೆಲ್ಲ "ಪತ್ತಾಂ ಕ್ಲಾಸ್ ಬಂದ್ರು! ಪತ್ತಾಂ ಕ್ಲಾಸ್!" ಎಂದು ಕೂಗಿದರು. ನಮ್ಮ ಹತ್ತನೇ ಕ್ಲಾಸೇ ಅವರ ಪತ್ತಾಂ ಕ್ಲಾಸ್. ಗೇಲಿ ಎಂದುಕೊಂಡು ನನ್ನ ಮೋರೆ ಕೆಂಪಾಯಿತು.

"ಅಮ್ಮ ಇಟ್ಟ ಪೇರು ಅದು" ಎಂದ ಗೋಲ್‌ಕೀಪರ್. "ನಿಮ್ಮ ರಿಸಲ್ಟ್ ಬಂದಾಗ ಇಡೀ ಗ್ರೌಂಡಿಗೆ ಲಡ್ಡು ಕೊಟ್ರು. ಎದುರು ಟೀಮಿಗೂ, ರೆಫ್ರಿಗೂ. ನಮ್ಮ ಕೂಸು ಪಾಸಾಗ್ಯದೆ, ಬಸ್ಸಿನ ಬೋರ್ಡು ನೋಡಿ ಕಲಿತವಳು, ನಿಮ್ಮ ಕೈಲಿ ಆಯ್ತದಾ ಅಂತ. ವಾರವಾರ ನಿಮ್ಮ ಬಸ್ಸಾರಿನ ಕಥೆ. ನಮಗೆ ಏನು ಕೊಟ್ರು? ಬರೀ ಬೈಗುಳ. ಕಪ್ಪೆ ಹಿಡಿಯೋಕೂ ಬಾರದ ಕೈ ಅಂತಿದ್ರು ನನಗೆ. ನಿಮ್ಮ ಮೇಲೆ ನಮಗೆಲ್ಲ ಎಷ್ಟು ಹೊಟ್ಟೆಕಿಚ್ಚು ಗೊತ್ತಾ ಚೇಚಿ?"

ನಾನು ಕ್ರೇಟಿನ ಮೇಲೆ ಕೂತುಬಿಟ್ಟೆ. ಎದುರಿಗೆ ಹೊಗಳಬಾರದು. ಹಾಗಾಗಿ ಈ ಹುಡುಗರ ಹೊಗಳಿಕೆಯೆಲ್ಲ ನನ್ನ ಅಡುಗೆಮನೆಗೆ ಬಂದಿತ್ತು, ನನ್ನದೆಲ್ಲ ಈ ಮೈದಾನಕ್ಕೆ ಬಂದಿತ್ತು. ಒಂದೇ ಒಂದು ಭಾನುವಾರ ಅತ್ತೆಯ ಹಿಂದೆ ಬಂದು, ಆ ತೆಂಗಿನ ಮರದ ಮರೆಯಲ್ಲಿ ನಿಂತಿದ್ದರೂ ಸಾಕಿತ್ತು.

ಎದ್ದು ಅವನಿಗೆ ಮೂರು ಸುತ್ತು ನಿವಾಳಿಸಿದೆ. ಅವನು ತಲೆ ಬಗ್ಗಿಸಿಕೊಂಡೇ ಮೆಲ್ಲಗೆ ಕೇಳಿದ. "ಅಮ್ಮ ಮನೇಲಿ ನಮ್ಮ ಬಗ್ಗೆ ಏನಾದ್ರೂ ಹೇಳ್ತಿದ್ರಾ?"

"ಬೈತಿದ್ರು" ಎಂದುಬಿಟ್ಟೆ. ಇಷ್ಟು ವರ್ಷದ ಉರಿ ಆಡಿಸಿದ ಮಾತು ಅದು. ಅವನು ತಲೆಯಾಡಿಸಿ, ಬಾಡಿದ ಮುಖದಲ್ಲಿ ಗ್ಲೋವ್ಸ್ ಏರಿಸಿಕೊಳ್ಳತೊಡಗಿದ. ಈರುಳ್ಳಿ ಒಣಗಿಸಲು ಹಾಕಿದ ಭಾನುವಾರ ನನ್ನ ಮುಖವೂ ಹೀಗೇ ಇದ್ದಿರಬೇಕು. ತಡೆಯಲಾಗಲಿಲ್ಲ. "ಸುಳ್ಳು ಕಣೋ. ಕೀಪರ್ ಕೈ ಅಂದ್ರೆ ಕೈ, ಬಾಳೆಗೊನೆ ಇಳಿಸ್ಕಂಡಂಗೆ ಚೆಂಡ ಇಳಿಸ್ಕತಾನೆ ಅಂತಿದ್ರು. ಏಳನೇ ಗೋಲಿಗೆ ನೀನು ಹಾರಿದ್ದನ್ನ ಸಾಯೋವರೆಗೂ ಹೇಳಿದ್ರು" ಎಂದೆ. ಅವನು ಬೆನ್ನು ತಿರುಗಿಸಿ ಗೋಲಿನ ಕಡೆ ನಡೆದ. ತೋಳಿನಿಂದ ಎರಡು ಸಲ ಕಣ್ಣೊರೆಸಿಕೊಂಡದ್ದು ಹಿಂದಿನಿಂದಲೇ ಕಂಡಿತು.

ಅವತ್ತು ಐದು ಗೋಲು ತಿಂದ. ಒಂದಂತೂ ಕಾಲ ಸಂದಿಯಲ್ಲೇ ನುಸುಳಿತು. ಎದುರಿಗೆ ಹೊಗಳಿದ್ದು ನಾನು, ತಪ್ಪು ನನ್ನದೇ.

ಮುಂದಿನ ಭಾನುವಾರದಿಂದ ಕ್ರೇಟಿನ ಮೇಲೆ ಕೂತು ಬಾಯಿತುಂಬ ಬೈಯುತ್ತಿದ್ದೇನೆ. ಹುಡುಗರಿಗೆ ಖುಷಿಯೋ ಖುಷಿ. ಹೊಗಳಿಕೆಯನ್ನೆಲ್ಲ ಮನೆಗೆ ತಂದು ಗಂಡನ ತಲೆ ತಿನ್ನುತ್ತೇನೆ. ಆದರೂ ಹುಡುಗರನ್ನು ನೋಡಿದಾಗ ಹಳೆಯ ಹೊಟ್ಟೆಕಿಚ್ಚು ಪೂರ್ತಿ ಆರಿಲ್ಲ. ನನ್ನನ್ನು 'ಕೂಸು' ಎಂದದ್ದನ್ನು ಅತ್ತೆಯ ಬಾಯಿಂದಲೇ ಕೇಳಿದವರು ಆ ಹನ್ನೊಂದು ಮಂದಿ, ನಾನಲ್ಲ.