ಅಕ್ಕನ ಕಾಲು ತಪ್ಪಿರಲಿಲ್ಲ

ಅಂದು ಉರ್ವದ ತಿರುವಿನಲ್ಲಿ ಕಾರು ಗೋಡೆಗೆ ಗುದ್ದಿದ್ದು ನನ್ನಿಂದ. ಓಡಿಸುತ್ತಿದ್ದವಳು ಅಕ್ಕ — ಆದರೆ ತಪ್ಪು ನನ್ನದು. ಇಷ್ಟು ಹೇಳಲು ನನಗೆ ವರ್ಷಗಳೇ ಬೇಕಾದವು. ಅಷ್ಟೂ ಕಾಲ ಆ ತಪ್ಪನ್ನು ಅವಳೇ ಹೊತ್ತಳು. ಹೊರಿಸಿದವನು ನಾನು.

ನಮ್ಮದು ಕಡಲಿಗೆ ಹೋಗುತ್ತಿದ್ದ ಮನೆತನ. ಅಮ್ಮ ಬುಟ್ಟಿ ಹೊತ್ತು ಮೀನು ಮಾರಿದವಳು. ಅಕ್ಕ ಸುಮತಿ ಕಾರಿನಲ್ಲಿ ಮಾರಿದಳು. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ಹಳೆಯದೊಂದು ಸಣ್ಣ ಕಾರು ಕೊಂಡು, ಹಿಂದಿನ ಸೀಟು ತೆಗೆಸಿ ಮೀನಿನ ಪೆಟ್ಟಿಗೆಗಳಿಗೆ ಜಾಗ ಮಾಡಿಕೊಂಡಿದ್ದಳು. ಬೆಳಿಗ್ಗೆ ದೋಣಿಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಬಂಗುಡೆ, ಅಂಜಲ್ ಮೀನು ತುಂಬಿಸಿಕೊಂಡು ಮಣ್ಣಗುಡ್ಡ, ಉರ್ವದ ಮನೆಗಳಿಗೆ ಹೋಗುವಳು. ಅವಳ ಹಾರ್ನ್ ಕೇಳಿದರೆ ಹೆಂಗಸರು ಪಾತ್ರೆ ಹಿಡಿದು ಗೇಟಿಗೆ ಬರುತ್ತಿದ್ದರು. ಆ ಕಾರಿನಲ್ಲಿ ಕುಳಿತಾಗ ಅಕ್ಕನ ಬೆನ್ನು ನೆಟ್ಟಗಿರುತ್ತಿತ್ತು.

ನಾನು ಆಗ ದುಬೈಯ ಗ್ಯಾರೇಜಿನ ಕೆಲಸ ಕಳೆದುಕೊಂಡು ಬಂದು ಅವಳ ಮನೆಯಲ್ಲೇ ಇದ್ದೆ. ಅಲ್ಲಿ ದೊಡ್ಡ ದೊಡ್ಡ ಕಾರುಗಳ ಎಂಜಿನ್ ಬಿಚ್ಚಿದವನಿಗೆ ಇಲ್ಲಿ ಕ್ಲಚ್ ಪ್ಲೇಟ್ ಬದಲಿಸುವುದು ಅವಮಾನ ಅನಿಸುತ್ತಿತ್ತು. ಯಾರಿಗಾದರೂ ಏನನ್ನಾದರೂ ಮಾಡಿ ತೋರಿಸಬೇಕಿತ್ತು — ಯಾರಿಗೆ, ಈಗ ನೆನಪಾಗುವುದೂ ಇಲ್ಲ. ಬರುವಾಗ ಹಳೆಯ ಸೂಪರ್‌ಚಾರ್ಜರ್ ಒಂದನ್ನು ತಂದಿದ್ದೆ. ಎಂಜಿನ್ನಿಗೆ ಒತ್ತಾಯದಿಂದ ಹೆಚ್ಚು ಗಾಳಿ ತುಂಬಿ ಬಲ ಏರಿಸುವ ಯಂತ್ರ ಅದು. ಅಕ್ಕ ಜ್ವರದಿಂದ ಮಲಗಿದ್ದ ವಾರ, ಅವಳನ್ನು ಕೇಳದೆ, ಅದನ್ನು ಅವಳ ಕಾರಿಗೆ ಕೂರಿಸಿದೆ.

ಬಾನೆಟ್ಟಿನೊಳಗೆ ಜಾಗ ಸಾಲಲಿಲ್ಲ. ಆಕ್ಸಿಲರೇಟರ್ ಕೇಬಲನ್ನು ಸುತ್ತಿ ಬಳಸಿ ಒಯ್ಯಬೇಕಾಯಿತು. ಒಂದು ಕಡೆ ಅದು ಹೆಚ್ಚೇ ಬಾಗಿತು. ಪಂಪ್‌ವೆಲ್ ಫ್ಲೈಓವರ್ ಮೇಲೆ ಓಡಿಸಿ ನೋಡಿದೆ. ಆ ಮುದಿ ಕಾರು ಹಾರಿದ ಹಾಗೆ ಹೋಯಿತು — ಒಬ್ಬನೇ ಕೂತು ಗಟ್ಟಿಯಾಗಿ ನಕ್ಕೆ. ಆದರೆ ಇಳಿಜಾರಿನಲ್ಲಿ ಕಾಲು ತೆಗೆದ ಮೇಲೂ ಒಂದು ಕ್ಷಣ ವೇಗ ಇಳಿಯಲಿಲ್ಲ. ಕೇಬಲ್ ಸಿಕ್ಕಿಕೊಳ್ಳುತ್ತಿತ್ತು. ನನಗೆ ಗೊತ್ತಾಯಿತು. ಎಣ್ಣೆ ಬಿಟ್ಟೆ. ಅಷ್ಟೇ ಮಾಡಿದೆ.

ಜ್ವರ ಬಿಟ್ಟು ಅಕ್ಕ ಮತ್ತೆ ಕಾರು ತೆಗೆದ ದಿನವೇ ಹೇಳಿದಳು: "ಉದಯ, ಕಾಲು ತೆಗೆದ್ರೂ ಕಾರು ಎಳೀತದೆ ಮಾರಾಯ. ಎಂತ ಮಾಡಿದ್ದೀ ಇದಕ್ಕೆ?"

"ಎಂತ ಇಲ್ಲ ಅಕ್ಕ, ಸರ್ವಿಸ್ ಮಾಡಿದ್ದೇನೆ. ಪಿಕಪ್ ಜಾಸ್ತಿ ಆಗಿದೆ. ಅಭ್ಯಾಸ ಆಗ್ತದೆ."

ಅವಳು ನಂಬಿದಳು. ತಮ್ಮ ದುಬೈಯಲ್ಲಿ ಕಲಿತು ಬಂದವನಲ್ಲವೇ...

ಕೆಲವು ದಿನಗಳ ನಂತರ, ಭಾವ ಪಕ್ಕದಲ್ಲಿ ಕುಳಿತಿದ್ದಾಗ, ಉರ್ವದ ತಿರುವಿನಲ್ಲಿ ಕೇಬಲ್ ಸಿಕ್ಕಿಕೊಂಡಿತು. ಕಾರು ಮುಂದಕ್ಕೆ ನುಗ್ಗಿತು. ಆ ಹಳೆಯ ಬ್ರೇಕಿಗೆ ಈ ಹೊಸ ಬಲವನ್ನು ತಡೆಯುವ ತಾಕತ್ತು ಇರಲಿಲ್ಲ. ಕಲ್ಲಿನ ಗೋಡೆ; ಭಾವನ ಮೊಣಕಾಲು ಚೂರಾಯಿತು. ರಸ್ತೆಯ ತುಂಬ ಮೀನು, ಐಸು, ಅದರ ನಡುವೆ ಗಂಡನ ತಲೆ ಹಿಡಿದು ಕುಳಿತ ಅಕ್ಕ.

ಅವರನ್ನು ಆಸ್ಪತ್ರೆಗೆ ಕಳಿಸಿ ನಾನು ಕಾರನ್ನು ಗೆಳೆಯನ ಶೆಡ್ಡಿಗೆ ಎಳೆಸಿದೆ. ಯಾರೂ ಬಾನೆಟ್ ಎತ್ತಿ ನೋಡುವ ಮೊದಲು ಸೂಪರ್‌ಚಾರ್ಜರ್ ಬಿಚ್ಚಿ ಹಳೆಯ ಪೈಪು, ಕೇಬಲ್ ಜೋಡಿಸಿದೆ.

ಆಸ್ಪತ್ರೆಯ ವರಾಂಡದಲ್ಲಿ ನೆಂಟರೆಲ್ಲ ಸೇರಿದ್ದರು. ಅಕ್ಕ ಒಂದೇ ಮಾತು ಹೇಳುತ್ತಿದ್ದಳು: "ನಾನು ಕಾಲು ತೆಗ್ದಿದ್ದೆ. ಬ್ರೇಕ್ ಒತ್ತಿದ್ದೆ. ನಿಲ್ಲಲಿಲ್ಲ." ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ಕಾರಿನ ವಿಷಯ ಬಲ್ಲವನು ನಾನೊಬ್ಬನೇ.

ನಾನು ಹೇಳಿದೆ: "ಕಾರಲ್ಲಿ ಎಂತ ತೊಂದರೆ ಇಲ್ಲ, ನಾನು ನೋಡಿದೆ. ಗಡಿಬಿಡಿಯಲ್ಲಿ ಬ್ರೇಕ್ ಅಂತ ಆಕ್ಸಿಲರೇಟರ್ ಒತ್ತಿದ್ದೀ ಅಕ್ಕ."

ಅವಳು ನನ್ನನ್ನು ನೋಡಲಿಲ್ಲ. ತಲೆ ಬಗ್ಗಿಸಿ ತನ್ನ ಬಲಗಾಲನ್ನು ನೋಡಿಕೊಂಡಳು.

ಸೂಪರ್‌ಚಾರ್ಜರ್ ಕೂರಿಸಿದ್ದು ಹುಚ್ಚು. ಆದರೆ ಈ ಮಾತು — ಇದಕ್ಕೆ ಏನೆನ್ನಬೇಕೋ ನನಗೆ ಗೊತ್ತಿಲ್ಲ. ಅಕ್ಕ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ವ್ಯಾಪಾರ ಬಿಟ್ಟು, ಬೇರೆಯವರ ಅಂಗಡಿಯಲ್ಲಿ ಮೀನು ಕೊಯ್ಯಲು ಕುಳಿತಳು. ಭಾವ ಕುಂಟುತ್ತಾ ಓಡಾಡುವಾಗಲೆಲ್ಲ ಒಂದು ಬೈಗುಳ, ಅವಳು ಎದುರಾಡುತ್ತಿರಲಿಲ್ಲ. ನನಗೆ ಮಾತ್ರ ಎಂದಿನಂತೆ ಬಡಿಸುತ್ತಿದ್ದಳು, ಬಾಲದ ತುಂಡು ನನಗಿಷ್ಟ ಎಂದು ಎತ್ತಿಡುತ್ತಿದ್ದಳು. ನಾನು ತಿನ್ನುತ್ತಿದ್ದೆ.

ಈಚೆಗೆ ಅವಳ ಮಗಳು ಶ್ವೇತಾ ಕಾರು ಕಲಿಯುತ್ತೇನೆಂದಳು. ಅಕ್ಕ ಎಂದೂ ಇಲ್ಲದ ಹಾಗೆ ಕೂಗಿದಳು: "ಬೇಡ! ನನ್ನ ಕಾಲು ನಿನಗೂ ಬಂದಿರ್ತದೆ. ಒಬ್ಬರನ್ನು ಕೊಂದು ಬರ್ತೀ." ನಾನು ಅಲ್ಲೇ ಕೂತಿದ್ದೆ. ಅಂದು ಆಸ್ಪತ್ರೆಯಲ್ಲಿ ನಾನು ಆಡಿದ ಮಾತು ಅಕ್ಕನ ಬಾಯಿಂದ ಅವಳ ಮಗಳಿಗೆ ಹೋಗುವುದನ್ನು ಕಣ್ಣಾರೆ ಕಂಡೆ. ಈ ಗುಟ್ಟನ್ನು ಇನ್ನು ಹೊರಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ.

ಮರುದಿನ ಅಕ್ಕ ಹಿತ್ತಿಲಲ್ಲಿ ಸಿಗಡಿ ಸುಲಿಯುತ್ತಿದ್ದಾಗ ಹೇಳಿದೆ. ಎಲ್ಲ — ಕೇಬಲ್, ಪಂಪ್‌ವೆಲ್, ಶೆಡ್ಡು. ಅವಳ ಕೈ ನಿಂತಿತು. ಅಳುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡೆ. ಎರಡೂ ಆಗಲಿಲ್ಲ.

"ಅಂದು ಆಸ್ಪತ್ರೆಯಲ್ಲಿ ಎಲ್ಲರ ಎದುರು ಹೇಳಿದ್ದಲ್ವಾ ನೀನು?" ಅಂದಳು. "ಇದನ್ನೂ ಹೇಳು. ಮೊದಲು ಒಳಗೆ ಹೋಗು, ನಿನ್ನ ಭಾವ ಇದ್ದಾರೆ."

ಹೇಳಿದೆ. ಭಾವ ಮಲಗಿದ್ದಲ್ಲೇ ಕೊನೆಯವರೆಗೂ ಕೇಳಿ, "ಎಷ್ಟು ಬೈದಿದ್ದೇನೆ ಮಾರಾಯ ಅವಳನ್ನು ನಾನು..." ಎಂದು ಗೋಡೆಯ ಕಡೆ ಹೊರಳಿದರು.

ಅಂದಿನಿಂದ ಅಕ್ಕ ನನ್ನೊಡನೆ ಮಾತಾಡಿಲ್ಲ. ಮಾತಾಡು ಎಂದು ನಾನು ಕೇಳಿಕೊಂಡೂ ಇಲ್ಲ. ಅಂದು ವರಾಂಡದಲ್ಲಿದ್ದ ಒಬ್ಬೊಬ್ಬರ ಮನೆಗೂ ಹೋಗಿ ಹೇಳುತ್ತಿದ್ದೇನೆ. ಹೆಚ್ಚಿನವರು ಚಹಾ ಕೊಟ್ಟು, ಆದದ್ದು ಆಯಿತು ಬಿಡು ಅನ್ನುತ್ತಾರೆ. ನಿನ್ನೆ ದೊಡ್ಡ ಮಾವನ ಮನೆಗೆ ಹೋಗಿದ್ದೆ. ಪೂರ್ತಿ ಕೇಳಿದ ಅವರು ನಕ್ಕು, "ಅದೆಲ್ಲ ಸರಿ ಮಾರಾಯ, ಆದ್ರೂ ಹೆಂಗಸರ ಡ್ರೈವಿಂಗ್ ಅಂದ್ರೆ ಅಷ್ಟೇ" ಅಂದರು.

ಎದ್ದು ಬರೋಣ ಅನಿಸಿತು. ದಣಿದಿದ್ದೆ. ಆದರೆ ಕುರ್ಚಿ ಬಿಡಲಿಲ್ಲ.

"ಮಾವ, ಇನ್ನೊಮ್ಮೆ ಕೇಳಿ" ಎಂದು ಮೊದಲಿನಿಂದ ಹೇಳತೊಡಗಿದೆ.