ಜೋಗುಪಾಳ್ಯದ ಹಿತ್ತಾಳೆ ತಟ್ಟೆ

ದೆವ್ವ, ಶಕುನ ಎಂದರೆ ನನಗೆ ನಗು ಬರುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವಳು ನಾನು. ದೆವ್ವಗಳಿದ್ದರೆ ಮೊದಲು ನನಗೇ ಪರಿಚಯವಾಗಬೇಕಿತ್ತು. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ತೀರ್ಮಾನಿಸಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ರಾಯಚೂರಿನಿಂದ ಬೆಂಗಳೂರಿಗೆ ಬಂದ ನಾವು ಜೋಗುಪಾಳ್ಯದಲ್ಲಿ ದೊಡ್ಡ ಮೋರಿಯ ಪಕ್ಕದ ವಠಾರದಲ್ಲಿ ಒಂದು ಕೋಣೆ ಹಿಡಿದಿದ್ದೆವು. ಮೋರಿ ಉಕ್ಕಲು ನಮ್ಮಲ್ಲಿ ಮಳೆ ಬೀಳಲೇಬೇಕೆಂದಿರಲಿಲ್ಲ. ಮೇಲಿನ ಬಡಾವಣೆಗಳಲ್ಲಿ ಸುರಿದರೂ ಸಾಕಿತ್ತು. ಅದಕ್ಕೆ ವಠಾರದವರು ತಾವೇ ಒಂದು ಏರ್ಪಾಡು ಮಾಡಿಕೊಂಡಿದ್ದರು: ಒಂದು ಹಿತ್ತಾಳೆ ತಟ್ಟೆ, ಒಂದು ಸೌಟು. ವಾರಕ್ಕೊಂದು ಮನೆಯಂತೆ ತಟ್ಟೆ ಸುತ್ತುತ್ತಿತ್ತು. ಅದು ಯಾರ ಮನೆಯಲ್ಲಿದೆಯೋ ಅವರು ಮೋರಿಯ ಮೇಲೆ ಕಣ್ಣಿಟ್ಟು, ನೀರೇರಿದರೆ ಬಡಿಯಬೇಕು. ಸದ್ದು ಕೇಳಿದವರು ಸಾಮಾನಿನ ಆಸೆ ಬಿಟ್ಟು, ಮಕ್ಕಳನ್ನೆತ್ತಿಕೊಂಡು ತಾರಸಿಗೆ ಓಡಬೇಕು. ಆಯುಧಪೂಜೆಯ ದಿನ ಸ್ಕೂಟರುಗಳ ಜೊತೆ ಆ ತಟ್ಟೆಗೂ ನಟ್ಟನಡುವೆ ಕುಂಕುಮ ಇಡುತ್ತಿದ್ದರು. ನಾನು ಗೇಲಿ ಮಾಡುತ್ತಿದ್ದೆ.

ಆ ವರ್ಷ ಹಬ್ಬ ಮುಗಿದ ವಾರ ತಟ್ಟೆ ಎದುರುಮನೆಯ ಸೆಲ್ವಿಯ ಪಾಲಿಗಿತ್ತು. ಪಾಳಿ ಮುಗಿಸಿ ಬಂದಿದ್ದ ನಾನು ಮಧ್ಯಾಹ್ನ ಪುಟ್ಟ ಮಗಳನ್ನು ಮಗ್ಗುಲಲ್ಲಿ ಹಾಕಿಕೊಂಡು ಚಾಪೆಯ ಮೇಲೆ ಮೈಮರೆತು ಮಲಗಿದ್ದೆ. ಹೊರಗೆ ಒಳ್ಳೆಯ ಬಿಸಿಲು. ತಟ್ಟೆ ಬಡಿದ ಸದ್ದಿಗೆ ಎಚ್ಚರವಾಯಿತು. ಕಿವಿಯ ಪಕ್ಕದಲ್ಲೇ ಬಡಿದ ಹಾಗಿತ್ತು. ಮಗುವನ್ನು ಬಾಚಿಕೊಂಡು, ಕೂಗುತ್ತಾ ಮೆಟ್ಟಿಲು ಹತ್ತಿದೆ. ಉಳಿದವರೂ ಹತ್ತಿದರು. ಮೇಲಿಂದ ನೋಡಿದರೆ ವಠಾರದ ತುಂಬ ಕೆಸರು ನೀರು. ನಮ್ಮ ಚಾಪೆ ಬಾಗಿಲಿಂದ ತೇಲಿ ಹೊರಗೆ ಬರುತ್ತಿತ್ತು.

ಸಂಜೆ ನೀರಿಳಿದ ಮೇಲೆ ಸೆಲ್ವಿ ಬೀದಿಯ ಕಡೆಯಿಂದ ಬಂದಳು. ನಾನು ಓಡಿಹೋಗಿ ಅವಳ ಕೈ ಹಿಡಿದೆ.

"ನಿನ್ನಿಂದ ನನ್ನ ಕೂಸು ಉಳೀತವ್ವ."

ಅವಳ ಮುಖ ಬಿಳಿಚಿಕೊಂಡಿತು. "ಅಕ್ಕಾ, ನಾನ್ ಇರ್ಲೇ ಇಲ್ವಲ್ಲಕ್ಕಾ. ಬಿಸಿಲಿದೆ, ಏನಾಗತ್ತೆ ಅಂತ ಬೀಗ ಹಾಕ್ಕೊಂಡು ಶಿವಾಜಿನಗರಕ್ಕೆ ಹೋಗ್ಬಿಟ್ಟಿದ್ದೆ."

ನಮ್ಮೆದುರೇ ಬೀಗ ತೆಗೆದಳು. ತಟ್ಟೆ ಗೋಡೆಯ ಮೇಲೆ ಎತ್ತರದ ಮೊಳೆಗೆ ತೂಗುತ್ತಿತ್ತು. ನಡುವಿನ ಕುಂಕುಮ ಇಟ್ಟ ಹಾಗೆಯೇ ಇತ್ತು. ಸೌಟು ತಾಗಿದ್ದರೆ ಉದುರಬೇಕಿತ್ತು. ಸೆಲ್ವಿ ಬಿಕ್ಕಿ ಬಿಕ್ಕಿ ಅತ್ತಳು, ಇನ್ನು ತಟ್ಟೆ ತನಗೆ ಬೇಡವೇ ಬೇಡ ಎಂದಳು. ಪಾಪ, ಬೈಯಲು ಯಾರಿಗೂ ಮನಸ್ಸು ಬರಲಿಲ್ಲ.

"ನಿನ್ನ ಮನ್ಯಾಗ ಇದ್ರನ ನನಗ ನಿದ್ದಿ ಬರ್ತದ," ಎಂದು ನಾನೇ ತಟ್ಟೆಯನ್ನು ಮತ್ತೆ ಅವಳ ಕೈಗೆ ಕೊಟ್ಟೆ.

ಆಮೇಲೆ ಎಲ್ಲರನ್ನೂ ವಿಚಾರಿಸಿದೆ. ಸದ್ದು ಕೇಳಿತೆಂದರು ಕೆಲವರು; ನಿಮ್ಮ ಕೂಗು ಕೇಳಿ ಓಡಿದೆವು ಎಂದರು ಇನ್ನು ಕೆಲವರು. ನಿದ್ದೆಗಣ್ಣಿನ ಭ್ರಮೆ ಎಂದರು ನಮ್ಮ ಯಜಮಾನರು. ಇರಬಹುದು. ಆದರೆ ಆ ಭ್ರಮೆ ಸರಿಯಾಗಿ ಆ ಹೊತ್ತಿಗೇ ಯಾಕೆ ಬರಬೇಕು?

ಮಗಳು ಈಗ ದೊಡ್ಡವಳಾಗಿದ್ದಾಳೆ. "ಹಾಗಾದ್ರೆ ಬಡಿದೋರು ಯಾರಮ್ಮಾ?" ಎಂದು ಆಗಾಗ ಪೀಡಿಸುತ್ತಾಳೆ. ನನಗೆ ಗೊತ್ತಿಲ್ಲ. ಕೇಳಲು ಅವಳಿದ್ದಾಳಲ್ಲ, ಅಷ್ಟು ಸಾಕು.